69ನೇ ಮೈಲಿನ ಆಚೆ: ತುಂಗಭದ್ರಾ ಎಡದಂಡೆ ಕಾಲುವೆಯ ಕಥೆ

ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿವರಗಳನ್ನು ಸೇರಿಸಿದ್ದೇನೆ. ಕೊನೆಯಲ್ಲಿ ಊರಿನವರು ಕೇಳಿದ ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ. ಹಿರಿಯರು ಮುಂದೆ ಕೂತಿದ್ದೀರಿ, ಕಾಲೇಜಿನ ಹುಡುಗ ಹುಡುಗಿಯರು ಹಿಂದೆ ನಿಂತಿದ್ದೀರಿ. ಹಿರಿಯರು ಈ ಕಾಲುವೆ ಅಗೆಯುವುದನ್ನು ಕಂಡವರು, ಇಲ್ಲವೇ ಅಗೆದವರ ಮಕ್ಕಳು. ಹುಡುಗರಿಗೆ ಕಾಲುವೆ ಅಂದರೆ ಹುಟ್ಟಿದಾಗಿನಿಂದ ಅಲ್ಲೇ ಇರುವ ಒಂದು ವಸ್ತು. ಹೊಳೆ ಇದ್ದ ಹಾಗೆ ಅದೂ ಇದೆ ಅಷ್ಟೇ. ಹಾಗಲ್ಲ ಅಂತ ಹೇಳಲಿಕ್ಕೆ ನಾನು ಇವತ್ತು ಬಂದಿದ್ದೇನೆ.

ನಮ್ಮ ಸೀಮೆಯಲ್ಲಿ ಬೀಗತನಕ್ಕೆ ಹೋದಾಗ ಊರ ಹೆಸರು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. ಯಾವ ಡಿಸ್ಟ್ರಿಬ್ಯೂಟರಿ, ಅಂದರೆ ಮುಖ್ಯ ಕಾಲುವೆಯಿಂದ ಒಡೆಯುವ ಎಷ್ಟನೇ ನಂಬರಿನ ಉಪಕಾಲುವೆ? 54 ಅಂದರೆ ಒಂದು ಲೆಕ್ಕ, 76 ಅಂದರೆ ಇನ್ನೊಂದು ಲೆಕ್ಕ. ಮೇಲಿನದೋ ಕೆಳಗಿನದೋ? ಕೆಳಗಿನದು ಅಂದರೆ ಅದರಲ್ಲೂ ತೀರ ಟೇಲೆಂಡಾ, ಕಾಲುವೆಯ ಕಟ್ಟಕಡೆಯ ತುದಿಯಾ? ಹೆಣ್ಣು ಕೊಡುವವರು ಇದನ್ನೆಲ್ಲ ವಿಚಾರಿಸಿಯೇ ಮುಂದಿನ ಮಾತು ಆಡುತ್ತಾರೆ. ಒಂದೇ ಕಾಲುವೆ, ಒಂದೇ ಎರೆ ಮಣ್ಣು, ಒಂದೇ ಮಳೆ. ಆದರೂ ಕಾರಟಗಿಯಲ್ಲಿ ಸಾಲು ಸಾಲು ಅಕ್ಕಿ ಗಿರಣಿಗಳಿವೆ. ನಮ್ಮ ಕಡೆಯ ಊರುಗಳಿಂದ ಗುಳೆ ಹೋಗುವ ಬಸ್ಸು ಹೊರಡುತ್ತದೆ. ಇದು ದೇವರು ಮಾಡಿದ್ದಲ್ಲ, ಮಳೆ ಮಾಡಿದ್ದೂ ಅಲ್ಲ. ಎಪ್ಪತ್ತು ವರ್ಷಗಳಲ್ಲಿ ಒಂದೊಂದೇ ಹೆಜ್ಜೆಯಾಗಿ ಮನುಷ್ಯರು ಮಾಡಿಕೊಂಡದ್ದು. ಯಾವ ಹೆಜ್ಜೆ ಯಾವಾಗ ಇಟ್ಟೆವು ಅಂತ ನೋಡೋಣ.

ಮೊದಲು ಹಳೆಯ ಕಾಲುವೆಗಳ ಮಾತು. ತುಂಗಭದ್ರೆಯಿಂದ ಕಾಲುವೆ ತೆಗೆಯುವ ಕೆಲಸ ಡ್ಯಾಮಿನಿಂದ ಶುರುವಾದದ್ದಲ್ಲ. ಅದಕ್ಕೂ ನಾನೂರು ಐನೂರು ವರ್ಷ ಮೊದಲೇ ಹೊಳೆಗೆ ಅಡ್ಡ ಕಟ್ಟೆ ಹಾಕಿ ನೀರು ತಿರುಗಿಸಿದ್ದರು. ಬಲದಂಡೆಯಲ್ಲಿ ತುರ್ತಾ ಕಾಲುವೆ, ರಾಯ ಕಾಲುವೆ, ಬಸವಣ್ಣ ಕಾಲುವೆ ಇವೆ. ಕೆಳಗೆ ಬಂದರೆ ರಾಮಸಾಗರ, ಕಂಪ್ಲಿ, ಸಿರುಗುಪ್ಪ, ದೇಶನೂರು ಕಾಲುವೆಗಳು. ನಮ್ಮ ಎಡದಂಡೆಯಲ್ಲಿ ಕೊರಗಲ್ಲು, ಹುಲಿಗಿ, ಶಿವಪುರ, ಆನೆಗೊಂದಿ, ಮೇಲಿನ ಗಂಗಾವತಿ, ಕೆಳಗಿನ ಗಂಗಾವತಿ. ಇನ್ನೂ ಕೆಳಗೆ ರಾಯಚೂರು ತಾಲ್ಲೂಕಿನಲ್ಲಿ ಬಿಚ್ಚಾಲಿ. ಇವನ್ನೆಲ್ಲ ಸೇರಿಸಿ ವಿಜಯನಗರ ಕಾಲುವೆಗಳು ಅಂತ ಕರೆಯುತ್ತೇವೆ. ಹುಲಿಗೆಮ್ಮನ ಜಾತ್ರೆಗೆ ಹೋದವರೆಲ್ಲ ಇಂಥ ಒಂದು ಕಾಲುವೆಯನ್ನು ದಾಟಿಯೇ ಇರುತ್ತೀರಿ. ಗಮನಿಸಿರಲಿಕ್ಕಿಲ್ಲ.

1535ರ ಆಸುಪಾಸಿನಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಈ ಬಗ್ಗೆ ಒಂದು ಕಥೆ ಬರೆದಿಟ್ಟಿದ್ದಾನೆ. ಅವನಿಗಿಂತ ನೂರು ವರ್ಷಕ್ಕೂ ಹಿಂದಿನ ಒಬ್ಬ ಅರಸನ ಕಥೆ. ಆ ಅರಸ ಹೊಳೆಯ ನೀರನ್ನು ಪಟ್ಟಣಕ್ಕೆ ತರಬೇಕು ಅಂತ ಹಟ ಹಿಡಿದನಂತೆ. ದೊಡ್ಡ ದೊಡ್ಡ ಬಂಡೆಗಳನ್ನು ಹೊಳೆಗೆ ಹಾಕಿಸಿದ. ಒಂದು ಬಂಡೆಯಂತೂ ಎಷ್ಟು ದೊಡ್ಡದಿತ್ತು ಅಂದರೆ ಆನೆಗಳಿಂದ ಎಳೆಸಬೇಕಾಯಿತು. ಅದೊಂದೇ ಬಂಡೆ ಹೊಳೆಯನ್ನು ಅರಸನ ಮಾತು ಕೇಳುವಂತೆ ಮಾಡಿತು ಅಂತ ಜನ ಹೇಳುತ್ತಿದ್ದರಂತೆ. ಆ ನೀರಿನಿಂದ ತೋಟಗಳಾದವು, ನಿಂಬೆ, ಕಿತ್ತಳೆ, ಗುಲಾಬಿ ಬೆಳೆದವು. ಅರಸನ ಆದಾಯ ಮೂರೂವರೆ ಲಕ್ಷ ಪರ್ದಾವ್, ಅಂದರೆ ಆಗಿನ ಚಿನ್ನದ ನಾಣ್ಯ, ಜಾಸ್ತಿಯಾಯಿತು ಅಂತ ಲೆಕ್ಕವನ್ನೂ ಕೊಡುತ್ತಾನೆ. ಬಂಡೆಯ ಕಥೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ನೀರು ಬಂದರೆ ಖಜಾನೆ ತುಂಬುತ್ತದೆ ಅನ್ನುವುದು ಆಗಿನವರಿಗೂ ಚೆನ್ನಾಗಿ ಗೊತ್ತಿತ್ತು.

ಆ ಕಟ್ಟೆಗಳನ್ನು ಕಟ್ಟಿದ ರೀತಿ ನೋಡಬೇಕು. ಹಂಪಿ, ಆನೆಗೊಂದಿ ಹತ್ತಿರ ಹೊಳೆಯ ತುಂಬ ಬಂಡೆ, ನಡುನಡುವೆ ಗಡ್ಡೆ. ಕಟ್ಟಿದವರು ಹೊಳೆಗೆ ನೆಟ್ಟಗೆ ಅಡ್ಡ ಗೋಡೆ ಎಬ್ಬಿಸಲಿಲ್ಲ. ಇದ್ದ ಬಂಡೆಗಳ ನಡುವಿನ ಸಂದುಗಳನ್ನು ಕಲ್ಲಿನಿಂದ ಮುಚ್ಚುತ್ತಾ ಹೋದರು. ಅದಕ್ಕೇ ಆ ಕಟ್ಟೆಗಳು ಓರೆಕೋರೆಯಾಗಿವೆ, ತಗ್ಗಾಗಿವೆ. ನೀರಿನ ಮಟ್ಟ ಸ್ವಲ್ಪ ಏರಿದರೆ ಸಾಕು, ಒಂದು ಪಾಲು ಕಾಲುವೆಗೆ ಹೊರಳುತ್ತದೆ. ಉಳಿದದ್ದು ಕಟ್ಟೆಯ ಮೇಲಿನಿಂದ ಹರಿದು ಮುಂದಿನ ಕಟ್ಟೆಗೆ ಹೋಗುತ್ತದೆ. ಅಲ್ಲಿ ಇನ್ನೊಂದು ಊರಿನ ಕಾಲುವೆ ತನ್ನ ಪಾಲು ತೆಗೆದುಕೊಳ್ಳುತ್ತದೆ. ಮೇಲಿನವನು ಎಷ್ಟೇ ಆಸೆಪಟ್ಟರೂ ಪೂರ್ತಿ ಹೊಳೆಯನ್ನು ಹಿಡಿದಿಡಲು ಅವನಿಗೆ ಆಗುತ್ತಿರಲಿಲ್ಲ.

1565ರಲ್ಲಿ ಯುದ್ಧ ಸೋತು ರಾಜಧಾನಿ ಹಾಳಾಯಿತು. ಅರಮನೆ ಸುಟ್ಟುಹೋಯಿತು, ಪೇಟೆ ಬರಿದಾಯಿತು. ಆದರೆ ಕಾಲುವೆಗಳು ನಿಲ್ಲಲಿಲ್ಲ. ನನಗೆ ನಮ್ಮ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಬೇರೆ ಕಾಣುವುದಿಲ್ಲ. ಅರಸ ಹೋದ ಮೇಲೂ ಯಾರೋ ವರ್ಷ ವರ್ಷ ಹೂಳು ತೆಗೆದರು. ಪ್ರವಾಹಕ್ಕೆ ಕಿತ್ತುಹೋದ ಕಲ್ಲು ಮತ್ತೆ ಕೂರಿಸಿದರು. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಹೊಸಪೇಟೆಯ ಬಾಳೆ, ಕಬ್ಬು, ಆನೆಗೊಂದಿಯ ಗದ್ದೆ ಇವತ್ತಿಗೂ ಆ ನೀರಿನಲ್ಲೇ ಇವೆ. ಕೃಷ್ಣದೇವರಾಯನ ಕಾಲದ ವಲ್ಲಭಾಪುರದ ಕಟ್ಟೆ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿತು. ಆದರೂ ರಾಯ, ಬಸವಣ್ಣ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ಬಿಡುವ ಏರ್ಪಾಡು ಮಾಡಿದರು. ಈಚಿನ ವರ್ಷಗಳಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಈ ಹಳೆಯ ಕಾಲುವೆಗಳ ದುರಸ್ತಿ ಆಗಿದೆ.

ಹಾಗಂತ ಅದೊಂದು ಚಿನ್ನದ ಕಾಲ ಅಂತ ನಾನು ಹೇಳುವುದಿಲ್ಲ. ಆ ಕಾಲುವೆಗಳು ನೀರುಣಿಸಿದ್ದು ಹೊಳೆಯ ಪಕ್ಕದ ಒಂದು ಕಿರಿದಾದ ಪಟ್ಟಿಯನ್ನು ಮಾತ್ರ. ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ಈ ದೋಆಬಿನ ಒಡಲು ಒಣಗಿಯೇ ಇತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮಾನ್ವಿ ಎಲ್ಲವೂ ಮಳೆ ನಂಬಿದ ಊರುಗಳು. ಎರಡು ಹೊಳೆಗಳ ನಡುವೆ ಇದ್ದೂ ನೀರಿಲ್ಲದ ನಾಡು. ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿಯವರೂ ತಲೆಮಾರುಗಟ್ಟಲೆ ಹೊಡೆದಾಡಿದರು. 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನೇ ಬಂದ. ಕೋಟೆ ಗೆದ್ದವರು ಬದಲಾದರು, ಹೊಲದ ಸ್ಥಿತಿ ಬದಲಾಗಲಿಲ್ಲ.

ಇಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅದೂ ಹೊತ್ತಿಗೆ ಬಂದರೆ ಉಂಟು. ಎರೆ ಮಣ್ಣು ತೇವ ಹಿಡಿದಿಟ್ಟುಕೊಳ್ಳುವುದರಿಂದ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ ಬರುತ್ತಿದ್ದವು. ಹತ್ತಿ ಬೆಳೆಯುತ್ತಿದ್ದರು. ಮಸಾರಿಯಲ್ಲಿ ಸಜ್ಜೆ, ನವಣೆ. ಮಳೆ ಎರಡು ವರ್ಷ ಸಾಲಾಗಿ ಕೈಕೊಟ್ಟರೆ ಮುಗಿಯಿತು. 1876ರಿಂದ 78ರವರೆಗಿನ ಬರವನ್ನು ಹಿರಿಯರು ಧಾತು ಬರ ಅಂತ ಕರೆಯುತ್ತಿದ್ದರು. ಆ ಸಂವತ್ಸರದ ಹೆಸರು ಧಾತು. ಬಳ್ಳಾರಿ ಜಿಲ್ಲೆ ಆ ಬರದಲ್ಲಿ ತುಂಬಾ ನೊಂದಿತು. ಹೊಳೆಯ ಈ ಕಡೆ ನಿಜಾಮರ ಸೀಮೆಯಲ್ಲೂ ಅದೇ ಪಾಡು.

ಹೊಳೆಗೆ ದೊಡ್ಡ ಕಟ್ಟೆ ಕಟ್ಟಬೇಕು ಅನ್ನುವ ಮಾತು ಈ ಬರಕ್ಕೂ ಮೊದಲೇ ಇತ್ತು. 1860ರಲ್ಲೇ ಸರ್ ಆರ್ಥರ್ ಕಾಟನ್ ಅಂಥ ಒಂದು ಯೋಚನೆ ಮುಂದಿಟ್ಟಿದ್ದರು. ಆದರೆ ಹೊಳೆ ಗಡಿಯಾಗಿತ್ತು. ಬಲದಂಡೆ ಬ್ರಿಟಿಷರ ಮದ್ರಾಸಿನದು, ಎಡದಂಡೆ ಹೈದರಾಬಾದ್ ನಿಜಾಮರದು. ಮೇಲ್ಭಾಗ ಮೈಸೂರಿನದು. ಯಾರಿಗೆ ಎಷ್ಟು ನೀರು ಅನ್ನುವ ಮಾತುಕತೆಯಲ್ಲೇ ಎಂಬತ್ತು ವರ್ಷ ಕಳೆಯಿತು. 1944ರಲ್ಲಿ ಒಪ್ಪಂದವಾಯಿತು. 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿತ್ತು. ಅದೂ ಎರಡು ದಂಡೆಗಳಲ್ಲಿ ಎರಡು. ಒಂದು ಕಡೆ ಬೀರಾರಿನ ರಾಜಕುಮಾರ ಅಂತ ಬಿರುದಿದ್ದ ನಿಜಾಮರ ಮಗ, ಇನ್ನೊಂದು ಕಡೆ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್. ಅರ್ಧ ಡ್ಯಾಮು ಮದ್ರಾಸಿನ ಎಂಜಿನಿಯರುಗಳು ಕಟ್ಟಿದರು, ಇನ್ನರ್ಧ ಹೈದರಾಬಾದಿನವರು ಕಟ್ಟಿದರು. ಮದ್ರಾಸಿನ ಕಡೆ ತಿರುಮಲೆ ಅಯ್ಯಂಗಾರ್ ಮುಖ್ಯ ಎಂಜಿನಿಯರ್. ಕಲ್ಲು ಮತ್ತು ಸುರ್ಕಿ ಗಾರೆಯ ಕಟ್ಟಡ ಅದು. ಇಟ್ಟಿಗೆ ಪುಡಿಯನ್ನು ಸುಣ್ಣಕ್ಕೆ ಕಲಸಿದ ಗಾರೆ.

ಕಟ್ಟುತ್ತಿರುವಾಗಲೇ ದೇಶವೇ ಬದಲಾಯಿತು. 1947 ಬಂತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1953ರಲ್ಲಿ ಕಾಲುವೆಗೆ ಮೊದಲ ನೀರು ಬಂತು. ಅದೇ ವರ್ಷ ಬಳ್ಳಾರಿ ಮೈಸೂರಿಗೆ ಸೇರಿತು. 1956ರಲ್ಲಿ ರಾಯಚೂರು ಸೇರಿತು. ಆಗ ಕೊಪ್ಪಳವೂ ರಾಯಚೂರು ಜಿಲ್ಲೆಯೊಳಗೇ ಇತ್ತು, ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಂದರೆ ಈ ಕಾಲುವೆಯ ನಕ್ಷೆ ಬರೆದ ಸರ್ಕಾರ ಬೇರೆ, ಅಗೆದ ಸರ್ಕಾರ ಬೇರೆ, ನೀರು ಹಂಚಿದ ಸರ್ಕಾರ ಬೇರೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮುಳುಗಿದವರ ಮಾತು ಹೇಳದೆ ಮುಂದೆ ಹೋಗಲಾರೆ. ಸುಮಾರು 90 ಹಳ್ಳಿಗಳು ನೀರಿನಡಿಗೆ ಹೋದವು. 50 ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟರು. ನಾರಾಯಣದೇವರಕೆರೆ ಅಂತ ಒಂದು ದೊಡ್ಡ ಊರಿತ್ತು. ಅಲ್ಲಿಯ ಜನ ಬಂದು ನೆಲೆ ನಿಂತದ್ದು ಮರಿಯಮ್ಮನಹಳ್ಳಿಯಲ್ಲಿ. ನಾವು ಉಣ್ಣುವ ಅನ್ನದ ಋಣ ಅವರಿಗೆ ಸಲ್ಲಬೇಕು. ಕಾಲುವೆಯ ಕಥೆ ಹೇಳುವಾಗ ನಾವು ಸಾಮಾನ್ಯವಾಗಿ ತೂಬಿನಿಂದ ಶುರು ಮಾಡುತ್ತೇವೆ. ಅದು ಹಿನ್ನೀರಿನಿಂದ ಶುರುವಾಗಬೇಕು.

ಈಗ ನಮ್ಮ ಕಾಲುವೆಗೆ ಬರೋಣ. ಮುನಿರಾಬಾದಿನಿಂದ ಹೊರಟು ಸಾಣಾಪುರದ ಕೆರೆ ದಾಟಿ, ಬೆಟ್ಟಗಳ ನಡುವೆ ಪಾಪಯ್ಯ ಟನಲ್ ಹೊಕ್ಕು, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರವಾರ ಸೀಮೆಗಳಿಗೆ ನೀರುಣಿಸುತ್ತಾ ರಾಯಚೂರಿನ ಕಡೆಗೆ ಬರುತ್ತದೆ. ಸುಮಾರು 227 ಕಿಲೋಮೀಟರ್, ಹಳೆಯ ಲೆಕ್ಕದಲ್ಲಿ 141 ಮೈಲಿ. ಕಿಲೋಮೀಟರ್ ಬಂದು ಎಷ್ಟೋ ವರ್ಷವಾದರೂ ಕಾಲುವೆಯ ಮೇಲೆ ಯಾರೂ ಕಿಲೋಮೀಟರಿನಲ್ಲಿ ಮಾತಾಡುವುದಿಲ್ಲ. 47ನೇ ಮೈಲ್, 69ನೇ ಮೈಲ್, 104ನೇ ಮೈಲ್ ಅಂತಲೇ ಮಾತು. ಅಚ್ಚುಕಟ್ಟು ಸುಮಾರು 6 ಲಕ್ಷ ಎಕರೆ. ಬಲದಂಡೆಯ ಕಾಲುವೆಗಳ ನೀರಿನಲ್ಲಿ ಆಂಧ್ರದ ಪಾಲಿದೆ. ಎಡದಂಡೆಯ ಈ ಮುಖ್ಯ ಕಾಲುವೆ ಪೂರ್ತಿ ಕರ್ನಾಟಕದ್ದು. ಆದ್ದರಿಂದ ನಮ್ಮ ಹೊಲ ಒಣಗಿದರೆ ಪಕ್ಕದ ರಾಜ್ಯದ ಕಡೆ ಬೆರಳು ತೋರಿಸಲಿಕ್ಕೆ ಬರುವುದಿಲ್ಲ. ಜಗಳ ನಮ್ಮ ಮನೆಯೊಳಗಿನದು.

ಈ ಕಾಲುವೆಯನ್ನು ಭತ್ತಕ್ಕಾಗಿ ಕಟ್ಟಲಿಲ್ಲ. ಹುಡುಗರು ಇದನ್ನು ಕೇಳಿದರೆ ನಂಬಲಿಕ್ಕಿಲ್ಲ. ಇದು ಬರ ತಡೆಯಲು ಕಟ್ಟಿದ ಕಾಲುವೆ. ನೀರನ್ನು ಆದಷ್ಟು ಜಾಸ್ತಿ ಎಕರೆಗೆ, ಆದಷ್ಟು ಜಾಸ್ತಿ ಊರಿಗೆ ತೆಳ್ಳಗೆ ಹರಡಬೇಕು ಅನ್ನುವುದು ಯೋಜನೆ. ಜೋಳ, ಹತ್ತಿ, ಶೇಂಗಾಕ್ಕೆ ಮಳೆ ಕೈಕೊಟ್ಟಾಗ ಒಂದೆರಡು ನೀರು ಸಿಕ್ಕರೆ ಬೆಳೆ ಉಳಿಯುತ್ತದೆ, ಊರು ಉಳಿಯುತ್ತದೆ. ಅದಕ್ಕೆ ಅರೆ ನೀರಾವರಿ ಅಂತ ಹೆಸರು. ಯಾವ ಸರ್ವೆ ನಂಬರಿಗೆ ಯಾವ ಬೆಳೆ, ಯಾವ ಹಂಗಾಮಿಗೆ ನೀರು ಅಂತ ಕಾಗದದಲ್ಲಿ ಬರೆದಿಟ್ಟರು. ಭತ್ತಕ್ಕೆ ಅದರಲ್ಲಿ ಇದ್ದದ್ದು ಚಿಕ್ಕ ಪಾಲು. ಕಾಲುವೆಯ ಅಗಲ, ಆಳ, ತೂಬಿನ ಗಾತ್ರ ಎಲ್ಲ ಈ ಲೆಕ್ಕದ ಮೇಲೆ ನಿಂತಿವೆ. ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಎರಡು ಮೂರು ಎಕರೆ ಜೋಳ ಬೆಳೆಯಬಹುದು. ಹಾಗಾದರೆ ಮೇಲ್ಭಾಗದಲ್ಲಿ ಒಂದು ಎಕರೆ ಜೋಳದ ಹೊಲ ಭತ್ತದ ಗದ್ದೆಯಾದರೆ ಕೆಳಗೆ ಎಷ್ಟು ಎಕರೆ ಒಣಗುತ್ತದೆ? ಲೆಕ್ಕ ನೀವೇ ಹಾಕಿ.

ಅದು ಹೇಗೆ ಆಯಿತು? ಯಾರೋ ಒಬ್ಬ ಕೆಟ್ಟವನು ಕೂತು ಮಾಡಿದ್ದಲ್ಲ. 1953ರಲ್ಲಿ ಮೇಲಿನ ಮೈಲಿಗಳಿಗೆ ನೀರು ಬಂತು. ಆಗ ಕೆಳಗೆ ಕಾಲುವೆಯೇ ಇರಲಿಲ್ಲ. ಮುಂದಿನ ಮೈಲಿಗಳನ್ನು ಅಗೆಯಲು ಇನ್ನೂ ವರ್ಷಗಳು ಹಿಡಿದವು. ಜಲಾಶಯ ತುಂಬಿದೆ, ಕುಡಿಯುವ ಕೆಳಗಿನ ಹೊಲಗಳು ಇನ್ನೂ ತಯಾರಾಗಿಲ್ಲ. ಮೇಲಿನವರಿಗೆ ಬೇಕಾದಷ್ಟು ನೀರು. ಸರ್ಕಾರಕ್ಕೂ ನೀರು ಬಳಕೆಯಾಗಿ ತೀರುವೆ ಬಂದರೆ ಸಾಕಾಗಿತ್ತು. ಆ ವರ್ಷಗಳಲ್ಲಿ ಭತ್ತ ಬೇರು ಬಿಟ್ಟಿತು. ಕೆಳಗಿನ ಕಾಲುವೆ ಮುಗಿದು ನಾವು ನೀರು ಕೇಳುವ ಹೊತ್ತಿಗೆ ಮೇಲಿನವರಿಗೆ ಅದು ರೂಢಿಯಾಗಿತ್ತು, ಹಕ್ಕಿನ ಹಾಗೆ ಆಗಿತ್ತು. ಪಂಕ್ತಿಯಲ್ಲಿ ಮೊದಲ ಸಾಲಿನವರಿಗೇ ಬಡಿಸುತ್ತಾ ನಿಂತರೆ ಕೊನೆಯ ಸಾಲಿಗೆ ಪಾತ್ರೆಯ ಸದ್ದು ಮಾತ್ರ ಕೇಳಿಸುತ್ತದೆ, ಅಲ್ವಾ?

ಭತ್ತ ತಂದವರು ಯಾರು ಅಂತ ಕೇಳಿದರೆ ನಮ್ಮಲ್ಲಿ ಕೂಡಲೇ ಕ್ಯಾಂಪಿನವರು ಅನ್ನುತ್ತಾರೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕರಾವಳಿ ಆಂಧ್ರದ ಗೋದಾವರಿ, ಕೃಷ್ಣಾ ಸೀಮೆಗಳಿಂದ ರೈತರು ಬಂದದ್ದು ನಿಜ. ಅಲ್ಲಿ ಇದ್ದ ಸ್ವಲ್ಪ ಜಮೀನು ಮಾರಿ ಇಲ್ಲಿ ಹಲವು ಪಟ್ಟು ಕೊಂಡರು. ಎರೆ ಹೊಲವನ್ನು ಮಟ್ಟ ಮಾಡಿದರು, ಬದು ಹಾಕಿದರು, ಗದ್ದೆ ಮಾಡಿದರು. ಶ್ರೀರಾಮನಗರದಂಥ ಊರುಗಳು ಎದ್ದದ್ದು ಹಾಗೆ. ಊರ ಹೆಸರಿನ ಹಿಂದೆ ಕ್ಯಾಂಪ್ ಅನ್ನುವ ಬಾಲ ಬಂದದ್ದು ಆಗಲೇ. ಆದರೆ ಮಾರಿದವರು ಯಾರು? ನಮ್ಮವರೇ. ಯಾಕೆ ಮಾರಿದರು? ಹೊಲ ಮಟ್ಟ ಮಾಡಲು ದುಡ್ಡು ಇರಲಿಲ್ಲ. ನೀರು ಕಟ್ಟಿ ಬೆಳೆಯುವ ಬೇಸಾಯ ಗೊತ್ತಿರಲಿಲ್ಲ. ನೀರು ಬಿಟ್ಟ ಸರ್ಕಾರ ಸಾಲ ಕೊಡಲಿಲ್ಲ, ಕಲಿಸಲೂ ಇಲ್ಲ. ನೀರು ಕೊಟ್ಟರೆ ಸಾಕು ಅಂದುಕೊಂಡಿತು. ಕಾಲುವೆ ಬರುವ ಮೊದಲು ಹೊಲವಿದ್ದವನು ಕಾಲುವೆ ಬಂದ ಮೇಲೆ ಅದೇ ಹೊಲದಲ್ಲಿ ಕೂಲಿ ಮಾಡಿದ ಕಥೆ ಈ ಸೀಮೆಯ ಊರೂರಲ್ಲಿ ಇದೆ. ಇದರ ಜವಾಬ್ದಾರಿಯನ್ನು ಬೆವರು ಸುರಿಸಿ ದುಡಿದ ವಲಸೆ ರೈತನ ತಲೆಗೆ ಕಟ್ಟುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಬಂದವರು ಅವರಷ್ಟೇ ಅಲ್ಲ. ಸಿಂಧನೂರಿನ ಹತ್ತಿರ ಆರ್‌ಎಚ್ ಕ್ಯಾಂಪುಗಳಿವೆ, ಅಂದರೆ ಪುನರ್ವಸತಿ ಕ್ಯಾಂಪುಗಳು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಅಲ್ಲಿ ನೆಲೆ ಕೊಟ್ಟರು. ಪದ್ಮಾ, ಮೇಘನಾ ನದಿಗಳ ನಾಡಿನ ಜನ ಬಂದು ತುಂಗಭದ್ರೆಯ ಕಾಲುವೆಯ ಪಕ್ಕ ದುರ್ಗಾ ಪೂಜೆ ಮಾಡುತ್ತಾರೆ. ನಾಟಿಯ ದಿನಗಳಲ್ಲಿ ಮಸ್ಕಿ, ಲಿಂಗಸುಗೂರು, ಕುಷ್ಟಗಿಯ ಒಣ ಊರುಗಳಿಂದ ಹೆಣ್ಣುಮಕ್ಕಳು ಟಂಟಂ ಹತ್ತಿ ಬರುತ್ತಾರೆ. ಕನ್ನಡ, ತೆಲುಗು, ಬಂಗಾಳಿ, ಉರ್ದು ಎಲ್ಲ ಒಂದೇ ಗದ್ದೆಯ ಬದುವಿನ ಮೇಲೆ ಕೇಳುತ್ತದೆ. ಈ ಕಾಲುವೆ ನಮಗೆ ಕೊಟ್ಟ ಒಳ್ಳೆಯದರಲ್ಲಿ ಇದೂ ಒಂದು. ನೀರಿನ ಜಗಳದ ನಡುವೆ ಇದನ್ನು ಮರೆಯಬಾರದು.

ಇನ್ನು ಗೇಜಿನ ಮಾತು, ಅಂದರೆ ಕಾಲುವೆಯಲ್ಲಿ ನಿಂತ ನೀರಿನ ಮಟ್ಟದ ಮಾತು. ಪೇಪರಿನಲ್ಲಿ ಪ್ರತಿ ವರ್ಷ ಓದುತ್ತೀರಿ, 69ನೇ ಮೈಲಿನಲ್ಲಿ ಗೇಜ್ ಕಾಯ್ದುಕೊಳ್ಳಿ ಅಂತ ರೈತರು ರಸ್ತೆ ತಡೆ ಮಾಡಿದರು ಅಂತ. 69 ಅಂದರೆ 141ರಲ್ಲಿ ಹೆಚ್ಚುಕಡಿಮೆ ನಡುಮಧ್ಯ. ಅಲ್ಲಿ ನೀರು ಎಷ್ಟು ಅಡಿ ನಿಂತಿದೆ ಅನ್ನುವುದು ಕೆಳಗಿನ ಅರ್ಧ ಕಾಲುವೆಯ ಹಣೆಬರಹ. ಡಿಸ್ಟ್ರಿಬ್ಯೂಟರಿಯ ತೂಬು ಕಾಲುವೆಯ ತಳದಲ್ಲಿ ಇರುವುದಿಲ್ಲ, ಸ್ವಲ್ಪ ಎತ್ತರದಲ್ಲಿ ಇರುತ್ತದೆ. ನೀರು ಆ ಮಟ್ಟ ಮುಟ್ಟಿದರೆ ಮಾತ್ರ ಒಳಗೆ ಹೋಗುತ್ತದೆ. ಅರ್ಧ ಅಡಿ ಇಳಿದರೂ ಕಾಲುವೆಯಲ್ಲಿ ನೀರು ಹರಿಯುತ್ತಿರುತ್ತದೆ, ಕಣ್ಣಿಗೆ ಕಾಣುತ್ತಿರುತ್ತದೆ, ಆದರೆ ತೂಬಿಗೆ ಹತ್ತುವುದಿಲ್ಲ. ಕಾಲುವೆ ತುಂಬ ನೀರಿದೆಯಲ್ಲ, ಯಾಕೆ ಜಗಳ ಅಂತ ಹೊರಗಿನವರು ಕೇಳುತ್ತಾರೆ. ಉತ್ತರ ಈ ಅರ್ಧ ಅಡಿಯಲ್ಲಿದೆ.

ಆ ಅರ್ಧ ಅಡಿ ಎಲ್ಲಿ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅಚ್ಚುಕಟ್ಟಿನಲ್ಲೇ ಇಲ್ಲದ ಹೊಲಕ್ಕೆ ಪಂಪ್‌ಸೆಟ್ ಇಟ್ಟು ಎತ್ತುತ್ತಾರೆ. ಕಾಲುವೆಯ ಏರಿಯಡಿ ಪೈಪ್ ಹಾಕುತ್ತಾರೆ. ತೂಬನ್ನು ದೊಡ್ಡದು ಮಾಡುತ್ತಾರೆ. ನೀರು ಕಡಿಮೆ ಇದ್ದ ವರ್ಷ ಕಾಲುವೆಯ ಪಕ್ಕ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ನಿಲ್ಲಿಸಬೇಕಾಗುತ್ತದೆ. ಕಾಯುವ ಕೆಲಸ ಗ್ಯಾಂಗ್‌ಮನ್‌ಗಳದು. ಅವರಲ್ಲಿ ಹೆಚ್ಚಿನವರು ಹಂಗಾಮಿ ಕಾರ್ಮಿಕರು, ಸಂಬಳಕ್ಕಾಗಿ ಧರಣಿ ಕೂರುವವರು. ರಾತ್ರಿ ಒಬ್ಬನೇ ಟಾರ್ಚ್ ಹಿಡಿದು ಏರಿಯ ಮೇಲೆ ನಡೆಯುವ ಹಂಗಾಮಿ ಕೂಲಿಗೆ ಊರ ಗೌಡನ ಪಂಪ್ ನಿಲ್ಲಿಸು ಅಂದರೆ ಅವನು ಹೇಗೆ ನಿಲ್ಲಿಸಬೇಕು? ಅವನ ಬೆನ್ನಿಗೆ ಯಾರಿದ್ದಾರೆ?

ಅತ್ತ ನೀರೂ ಕಡಿಮೆಯಾಗುತ್ತಾ ಬಂತು. ಡ್ಯಾಮು ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಎಕರೆ ಕಡಿಮೆಯಾಗಲಿಲ್ಲ, ಭತ್ತ ಕಡಿಮೆಯಾಗಲಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯವನ್ನು ಖಾಲಿ ಮಾಡುವುದು ನೋಡುತ್ತಾ ನಾವೆಲ್ಲ ಟಿವಿ ಮುಂದೆ ಕೂತಿದ್ದೆವು. ಡ್ಯಾಮ್ ಗೇಟುಗಳ ತಜ್ಞ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲು ತಾತ್ಕಾಲಿಕವಾಗಿ ನೀರು ತಡೆಯುವ ಉಕ್ಕಿನ ತುಂಡುಗಳನ್ನು ಇಳಿಸಿದರು. ಆ ಕಾರ್ಮಿಕರಿಗೆ ಎಷ್ಟು ಕೈ ಮುಗಿದರೂ ಸಾಲದು. ಆಮೇಲೆ ಮಳೆ ಬಂದು ಜಲಾಶಯ ಮತ್ತೆ ತುಂಬಿತು. 33 ಗೇಟುಗಳನ್ನೂ ಬದಲಿಸಬೇಕು ಅನ್ನುವ ತೀರ್ಮಾನಕ್ಕೆ ಬಂದದ್ದು ಅದರ ನಂತರ. ಎಪ್ಪತ್ತು ವರ್ಷದ ಗೇಟುಗಳು ಅವು. ಮೊದಲೇ ಮಾಡಬೇಕಿತ್ತು.

ಮೇಲ್ಭಾಗದವರೂ ಸುಖವಾಗಿದ್ದಾರೆ ಅಂದುಕೊಳ್ಳಬೇಡಿ. ಎರೆ ಮಣ್ಣಿನಲ್ಲಿ ನೀರು ಇಂಗಿ ಹೋಗುವುದಿಲ್ಲ. ವರ್ಷಕ್ಕೆ ಎರಡು ಸಲ ಭತ್ತದ ನೀರು ನಿಂತರೆ ನೆಲದಡಿಯ ನೀರು ಮೇಲೆ ಬರುತ್ತದೆ. ಬರುವಾಗ ಉಪ್ಪನ್ನೂ ತರುತ್ತದೆ. ನೀರು ಆರಿದ ಮೇಲೆ ಉಪ್ಪು ಉಳಿಯುತ್ತದೆ. ಜವಳು, ಸವಳು ಅಂತ ನಾವು ಕರೆಯುವುದು ಇದನ್ನೇ. ತಗ್ಗಿನ ಹೊಲಗಳಲ್ಲಿ ಬೆಳ್ಳಗೆ ಹೊದ್ದುಕೊಂಡ ಹಾಗೆ ಕಾಣುತ್ತದೆ, ಕಸವೂ ಹುಟ್ಟುವುದಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆ ಬಹಳ ವರ್ಷಗಳಿಂದ ಕೆಲಸ ನಡೆದಿದೆ. ನೆಲದಡಿ ತೂತಿನ ಪೈಪ್ ಹೂತು ಉಪ್ಪುನೀರು ಬಸಿಯುವ ವಿಧಾನವನ್ನು ಅವರು ತೋರಿಸಿಕೊಟ್ಟಿದ್ದಾರೆ. ಅದಕ್ಕೆ ಖರ್ಚು ಜಾಸ್ತಿ, ಒಬ್ಬ ರೈತನಿಂದ ಆಗದು. ಹಾಗಾಗಿ ಒಂದೇ ಕಾಲುವೆಯ ಮೇಲಿನ ತುದಿಯ ಹೊಲ ನೀರು ಹೆಚ್ಚಾಗಿ ಕೆಟ್ಟಿತು, ಕೆಳಗಿನ ತುದಿಯ ಹೊಲ ನೀರಿಲ್ಲದೆ ಕೆಟ್ಟಿತು.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಕಾಲುವೆ ಇದೆ, ರಾಜೋಳಿಬಂಡಾ. ಅದರ ಮಾತು ಒಂದೆರಡು ನಿಮಿಷ. ಹೊಳೆಗೆ ಅಡ್ಡಗಟ್ಟೆ ನಮ್ಮಲ್ಲಿದೆ. ಕಾಲುವೆ 143 ಕಿಲೋಮೀಟರ್, ಅದರಲ್ಲಿ ನಮ್ಮ ನೆಲದಲ್ಲಿ ಹರಿಯುವುದು ಸುಮಾರು 42. ಕೃಷ್ಣಾ ಕೊಳ್ಳದ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ಅದಕ್ಕೆ ಕೊಟ್ಟ 17 ಟಿಎಂಸಿ ಚಿಲ್ಲರೆಯಲ್ಲಿ ನಮ್ಮ ಪಾಲು 1.2, ಉಳಿದದ್ದು ಈಗಿನ ತೆಲಂಗಾಣಕ್ಕೆ. ಅಲ್ಲಿಯ ಕೊನೆಯ ರೈತರೂ ನಮ್ಮ ಹಾಗೆಯೇ ನೀರು ಬರಲಿಲ್ಲ ಅಂತ ಕೂಗುತ್ತಾರೆ, ಅವರ ಬೆರಳು ನಮ್ಮ ಕಡೆ ಇರುತ್ತದೆ. ಅಲ್ಲಿ ನಾವು ಮೇಲಿನವರು. ಇಲ್ಲಿ ಕೆಳಗಿನವರು. ಎರಡೂ ಕಡೆ ನಿಂತು ನೋಡುವ ಅವಕಾಶ ರಾಯಚೂರಿನವರಿಗೆ ಇದೆ.

ಕೆಳಗಿನ ರೈತರು ಸುಮ್ನೆ ಕೂತಿಲ್ಲ ಅನ್ನುವುದನ್ನೂ ಹೇಳಬೇಕು. ನೀರು ಬರುವ ತನಕ ಸಸಿ ಮಡಿ ಕಾಯುವುದು ಬಿಟ್ಟು ಕೂರಿಗೆಯಿಂದ ನೇರವಾಗಿ ಭತ್ತ ಬಿತ್ತುವುದನ್ನು ಸಿಂಧನೂರು, ಮಾನ್ವಿ ಕಡೆ ಎಷ್ಟೋ ಜನ ಶುರು ಮಾಡಿದರು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ಇದಕ್ಕೆ ಒತ್ತು ಕೊಟ್ಟಿತು. ಕೆಸರು ಮಾಡುವ ನೀರು ಉಳಿಯುತ್ತದೆ, ನಾಟಿಯ ಖರ್ಚು ಉಳಿಯುತ್ತದೆ. ಕಳೆ ಮಾತ್ರ ಜಾಸ್ತಿ. ಹತ್ತಿ, ಮೆಣಸಿನಕಾಯಿಗೆ ಮರಳಿದವರಿದ್ದಾರೆ. ಜೋಳಕ್ಕೆ ಮರಳಿದವರೂ ಇದ್ದಾರೆ. ಯೋಜನೆಯ ಕಾಗದದಲ್ಲಿ 1950ರ ದಶಕದಲ್ಲಿ ಬರೆದಿದ್ದ ಬೆಳೆಗಳನ್ನು ಇವತ್ತು ಅಕ್ಷರಶಃ ಪಾಲಿಸುತ್ತಿರುವವರು ಟೇಲೆಂಡಿನವರು, ಅದೂ ಬೇರೆ ದಾರಿಯಿಲ್ಲದೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ತಾಯಿಯೊಬ್ಬರು ಎದ್ದು ಕೇಳಿದರು. "ಸರ್, ಎಲ್ಲಾರೂ ಜೋಳ ಬಿತ್ತಬೇಕು ಅಂತೀರಿ. ಜೋಳಕ್ಕ ರೇಟ್ ಎಲ್ಲೈತ್ರಿ?"

ತಾಯಿ, ನೀವು ಹೇಳಿದ್ದು ಸರಿ. ಗಂಗಾವತಿಯ ರೈತನಿಗೆ ಭತ್ತ ಬಿಡು ಅಂತ ನೋಟಿಸ್ ಕೊಟ್ಟರೆ ಅವನು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಅವನ ಊರಿನಲ್ಲೇ ಗಿರಣಿ ಇದೆ, ಕಣದಿಂದಲೇ ಲಾರಿ ತುಂಬುತ್ತಾರೆ, ಸಾಲ ಕೊಡುವವನೂ ಭತ್ತ ನಂಬಿಯೇ ಕೊಡುತ್ತಾನೆ. ಜೋಳಕ್ಕೆ ಈ ಯಾವುದೂ ಇಲ್ಲ. ಸರ್ಕಾರ ಜೋಳವನ್ನು ಬೆಂಬಲ ಬೆಲೆಗೆ ಕೊಳ್ಳುವ ಕೇಂದ್ರ ತೆರೆದಾಗ ನಮ್ಮ ಜಿಲ್ಲೆಯ ರೈತರು ಟ್ರ್ಯಾಕ್ಟರ್ ಸಾಲು ನಿಲ್ಲಿಸಿದ್ದನ್ನು ನೀವೇ ನೋಡಿದ್ದೀರಿ. ಹೊತ್ತಿಗೆ ಸರಿಯಾಗಿ ತೆರೆದರೆ, ಪ್ರತಿ ವರ್ಷ ತೆರೆದರೆ, ಮೇಲಿನವರಲ್ಲೂ ಕೆಲವರು ಎರಡನೇ ಬೆಳೆಗೆ ಭತ್ತ ಬಿಟ್ಟು ಜೋಳ ಹಾಕುತ್ತಾರೆ. ಎರಡನೇ ಬೆಳೆಯಿಂದ ಶುರು ಮಾಡಬೇಕು ಅಂತ ನನ್ನ ಅನಿಸಿಕೆ. ಮುಂಗಾರಿನಲ್ಲಿ ಮುಟ್ಟಿದರೆ ಜಗಳವೇ ಆಗುತ್ತದೆ.

ಆಮೇಲೆ ಒಬ್ಬ ಹುಡುಗ ಕೇಳಿದ. "ನವಲಿ ಡ್ಯಾಂ ಆದ್ರ ನಮಗ ನೀರು ಬರ್ತದೇನ್ರಿ?"

ನವಲಿಯ ಯೋಜನೆ ಏನು ಅಂದರೆ, ಹೂಳಿನಿಂದ ಕಳೆದುಹೋದ ಜಾಗಕ್ಕೆ ಬದಲಾಗಿ ಕನಕಗಿರಿ ತಾಲ್ಲೂಕಿನ ನವಲಿ ಹತ್ತಿರ ಇನ್ನೊಂದು ಜಲಾಶಯ ಕಟ್ಟುವುದು. ಪ್ರವಾಹದ ಕಾಲದಲ್ಲಿ ಹೊಳೆಗೆ ಬಿಡುವ ನೀರನ್ನು ಅಲ್ಲಿ ತುಂಬುವುದು. ತುಂಗಭದ್ರೆ ಮೂರು ರಾಜ್ಯಗಳದ್ದಾದ್ದರಿಂದ ಆಂಧ್ರ, ತೆಲಂಗಾಣ ಒಪ್ಪಬೇಕು. ಅಲ್ಲಿಯೂ ಹೊಲ, ಊರು ಮುಳುಗುತ್ತವೆ. ನಾರಾಯಣದೇವರಕೆರೆಯ ಜನರಿಗೆ ಆದದ್ದು ಇವರಿಗೆ ಆಗದ ಹಾಗೆ ನೋಡಿಕೊಳ್ಳಬೇಕು. ಇದೆಲ್ಲ ಆಗಿ ನೀರು ನಿಂತಿತು ಅಂತಲೇ ಇಟ್ಟುಕೊಳ್ಳಿ. ಆ ನೀರೂ ಇದೇ ಕಾಲುವೆಯಲ್ಲೇ ಬರಬೇಕು, 69ನೇ ಮೈಲನ್ನು ದಾಟಿಯೇ ಬರಬೇಕು. ಅಲ್ಲಿಯ ಗೇಜ್ ಕಾಯುವ ಏರ್ಪಾಡು ಈಗಿನ ಹಾಗೇ ಇದ್ದರೆ ನವಲಿಯ ನೀರು ಮೇಲಿನ ಗದ್ದೆಗಳಲ್ಲೇ ಮುಗಿಯುತ್ತದೆ. ನೀವು ನವಲಿ ಕೇಳಿ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ 69 ಮತ್ತು 104ನೇ ಮೈಲಿನ ದಿನದಿನದ ಗೇಜನ್ನು ಎಲ್ಲರಿಗೂ ಕಾಣುವ ಹಾಗೆ ಬೋರ್ಡಿನ ಮೇಲೆ ಬರೆಯಿರಿ ಅಂತಲೂ ಕೇಳಿ. ಅದಕ್ಕೆ ಕೋಟಿ ರೂಪಾಯಿ ಬೇಕಿಲ್ಲ.

ಕಾಲೇಜಿನವರಿಗೆ ಒಂದು ಕೆಲಸ ಹೇಳಿ ಬಂದಿದ್ದೇನೆ. ಮನೆಯ ಪೆಟ್ಟಿಗೆಯಲ್ಲಿ ಹಳೆಯ ನೀರು ತೀರುವೆಯ ರಸೀದಿ, ಜಮೀನು ಮಾರಿದ ಕಾಗದ, ಕಾಲುವೆ ಅಗೆದಾಗಿನ ಕೂಲಿ ಚೀಟಿ ಇದ್ದರೆ ಗ್ರಂಥಾಲಯಕ್ಕೆ ತಂದು ಫೋಟೋ ತೆಗೆಸಿ ವಾಪಸ್ ಒಯ್ಯಿರಿ. ಯಾವ ವರ್ಷ, ಯಾವ ಸರ್ವೆ ನಂಬರು, ಯಾವ ಬೆಳೆಗೆ ತೀರುವೆ ಕಟ್ಟಿದ್ದು ಅಂತ ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಕ್ಯಾಂಪಿನ ಹಿರಿಯರನ್ನೂ ಕೇಳಿ, ಅವರ ಹತ್ತಿರವೂ ಕಾಗದಗಳಿವೆ. ಗ್ಯಾಂಗ್‌ಮನ್ ಕೆಲಸ ಮಾಡಿ ನಿವೃತ್ತರಾದವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಗ್ರಂಥಾಲಯದವರು ಒಂದು ಕಪಾಟು ಬಿಟ್ಟುಕೊಡಲು ಒಪ್ಪಿದ್ದಾರೆ.